ಹಳೆ ಬೆಲ್ಟು ಹೇಳುವ ಸಾಕ್ಷಿ

ಮಾರುತಿ 800ರಂಥ ಹಳೆಯ ಕಾರಿನ ಫ್ಯಾನ್ ಬೆಲ್ಟನ್ನು ಮನೆಯಂಗಳದಲ್ಲೇ ಬದಲಿಸಿದರೆ ಉಳಿಯುವ ದುಡ್ಡು ಅಷ್ಟಕ್ಕಷ್ಟೆ. ನಮ್ಮ ಹೆಸರಘಟ್ಟದಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿಬರುವಷ್ಟರಲ್ಲಿ ಅದೂ ಪೆಟ್ರೋಲಿಗೆ ಸರಿಹೋಗುತ್ತದೆ. ಆದರೂ ಈ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಗ್ಯಾರೇಜಿನಲ್ಲಿ ಹೊಸ ಬೆಲ್ಟು ಹಾಕಿ ಹಳೆಯದನ್ನು ಮೂಲೆಗೆ ಎಸೆಯುತ್ತಾರೆ. ಎಂಜಿನ್ನಿನ ಆರೋಗ್ಯದ ಬಗ್ಗೆ ಬಾಯಿಬಿಡುವ ಸಾಕ್ಷಿ ಆ ಮೂಲೆಯಲ್ಲೇ ಬಿದ್ದಿರುತ್ತದೆ.

ಬೆಲ್ಟಿನ ಕೆಲಸವೆಲ್ಲ ಘರ್ಷಣೆಯದು. ಕ್ರ್ಯಾಂಕ್ ಪುಲ್ಲಿಯ ಶಕ್ತಿ ವಾಟರ್ ಪಂಪನ್ನೂ ಆಲ್ಟರ್ನೇಟರನ್ನೂ ಮುಟ್ಟಬೇಕಾದರೆ ವಿ-ಬೆಲ್ಟಿನ ಇಳಿಜಾರು ಪಕ್ಕಗಳು ಪುಲ್ಲಿಯ ತೋಡಿನ ಗೋಡೆಗಳನ್ನು ಕಚ್ಚಿ ಹಿಡಿದಿರಬೇಕು. ಬೆಲ್ಟು ತಳ ಮುಟ್ಟಬಾರದು. ಹಾಗಾಗಿ ಬೆಲ್ಟು ಕಳಚಿದೊಡನೆ ನೋಡಬೇಕಾದದ್ದು ತೋಡಿನ ತಳವನ್ನು. ಅದು ಉಜ್ಜಿದಂತೆ ಹೊಳೆಯುತ್ತಿದ್ದರೆ ಬೆಲ್ಟು ಸವೆದು ಒಳಗಿಳಿದಿದೆ, ಇಲ್ಲವೇ ಪುಲ್ಲಿಯೇ ಸವೆದಿದೆ. ಬೆಲ್ಟಿನ ಪಕ್ಕ ಗಾಜಿನಂತೆ ನುಣುಪಾಗಿದ್ದರೆ ಸಡಿಲವಾಗಿ ಜಾರುತ್ತಿತ್ತು ಎಂದರ್ಥ. ಬೆಳಿಗ್ಗೆ ಗಾಡಿ ಶುರುಮಾಡುವಾಗಿನ ಕಿರುಚಾಟದ ಮೂಲ ಅದೇ. ಒಂದೇ ಅಂಚು ನಾರುನಾರಾಗಿದ್ದರೆ ಪುಲ್ಲಿಗಳು ಒಂದೇ ನೇರಕ್ಕಿಲ್ಲ. ರಬ್ಬರು ಉಬ್ಬಿ ಮೆತ್ತಗಾಗಿದ್ದರೆ ಎಲ್ಲೋ ಎಣ್ಣೆ ಸೋರುತ್ತಿದೆ, ಅದನ್ನು ನಿಲ್ಲಿಸದೆ ಹೊಸದನ್ನು ಹಾಕುವುದು ದಂಡ. ಹೆಸರಘಟ್ಟದ ಕೆರೆ ಬತ್ತಿದಾಗ, ಅದರ ಅಂಗಳದ್ದೂ ಹುಲ್ಲುಗಾವಲಿನ ಮಣ್ಣುದಾರಿಯದ್ದೂ ಧೂಳು ಕೆಳಗಿನಿಂದ ನುಗ್ಗಿ ತೋಡುಗಳಲ್ಲಿ ಕೂರುತ್ತದೆ. ಬೆಲ್ಟನ್ನೂ ಪುಲ್ಲಿಯನ್ನೂ ಒಟ್ಟಿಗೇ ಅರೆಯುತ್ತದೆ. ಬೆಲ್ಟು ಇಲ್ಲದಿರುವ ಆ ಹತ್ತು ನಿಮಿಷದಲ್ಲಿ ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ ನೋಡಬಹುದು. ವಾಟರ್ ಪಂಪಿನ ಬೇರಿಂಗು ಹೋಗುತ್ತಿದ್ದರೆ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಈ ಕೆಲಸದ ಸುಖವೆಲ್ಲ ನನ್ನ ಮಟ್ಟಿಗೆ ಅಲ್ಲೇ ಇದೆ.

ಇದನ್ನೆಲ್ಲ ಒಳ್ಳೆಯ ಮೆಕ್ಯಾನಿಕ್ಕೂ ನೋಡುತ್ತಾನಲ್ಲ ಎನ್ನಬಹುದು. ನೋಡುತ್ತಾನೆ, ನಮಗಿಂತ ಚೆನ್ನಾಗಿಯೇ ನೋಡಬಲ್ಲ. ಆದರೆ ಸಾಲಿನಲ್ಲಿ ಇನ್ನೂ ನಾಲ್ಕು ಕಾರು ನಿಂತಿರುವಾಗ ಅವನಿಗೆ ಪುರುಸೊತ್ತೆಲ್ಲಿ? ಹೋದ ಸಲದ ಬೆಲ್ಟು ಹೇಗಿತ್ತೆಂಬ ನೆನಪೂ ಅವನಿಗಿರಬೇಕಿಲ್ಲ. ನಾವೇ ಕೈ ಹಾಕುವುದು ಅಪಾಯ ಎಂಬ ಮಾತಿಗೆ ಇದಕ್ಕಿಂತ ಹೆಚ್ಚು ತೂಕವಿದೆ. ಎಂಜಿನ್ ಆರಿಸಿದ್ದರೂ ರೇಡಿಯೇಟರಿನ ಕರೆಂಟ್ ಫ್ಯಾನು ತಟಕ್ಕನೆ ತಿರುಗಬಹುದು. ಬ್ಯಾಟರಿಯ ನೆಗೆಟಿವ್ ವೈರು ಕಳಚದೆ ಕೈ ಹಾಕಕೂಡದು. ಟೈಮಿಂಗ್ ಬೆಲ್ಟಿನ ಲೆಕ್ಕವೇ ಬೇರೆ: ಒಂದು ಹಲ್ಲು ತಪ್ಪಿದರೂ ಎಂಜಿನ್ನಿನ ತಾಳ ಕೆಡುತ್ತದೆ, ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವಿಗೆ ಪಿಸ್ಟನ್ ಬಡಿಯಬಹುದು. ಅದು ಗ್ಯಾರೇಜಿಗೇ ಇರಲಿ.

ಹೊಸ ಕಾರುಗಳ ಬೆಲ್ಟಿನಲ್ಲಿ ಓದುವುದಕ್ಕೇನೂ ಇಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. 6ಪಿಕೆ ಎಂದು ಬರೆದ ಬೆಲ್ಟಿನಲ್ಲಿ ಆರು ಏಣುಗಳಿರುತ್ತವೆ, ಮುಂದಿನ ಅಂಕಿ ಮಿಲಿಮೀಟರಿನಲ್ಲಿ ಅದರ ಉದ್ದ. ಈಗಿನ ಇಪಿಡಿಎಂ ರಬ್ಬರು ಹಳೆಯದರಂತೆ ಬೇಗ ಬಿರುಕು ಬಿಡುವುದಿಲ್ಲ. ಮೇಲುನೋಟಕ್ಕೆ ಹೊಸದರಂತಿದ್ದೇ ಏಣುಗಳ ನಡುವಿನ ಗೀರಿನೊಳಗೆ ಸವೆದಿರುತ್ತದೆ. ಬಿರುಕು ಹುಡುಕುವವರಿಗೆ ಅದು ಸಿಗದು, ಹಳೆಯದನ್ನು ಹೊಸದರ ಪಕ್ಕ ಹಿಡಿದು ಗೀರಿನ ಆಳ ನೋಡಬೇಕು.

ಹಳೆಯ ಕಾರಿನಲ್ಲಿ ಬಿಗಿಯ ಹದವೂ ಕೈಗೇ ಬಿಟ್ಟದ್ದು. ಆಲ್ಟರ್ನೇಟರನ್ನು ಹೊರಕ್ಕೆ ಮೀಟಿ ಬೋಲ್ಟು ಬಿಗಿದು, ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಒತ್ತಬೇಕು. ಸಡಿಲಾದರೆ ಜಾರುತ್ತದೆ, ಅತಿ ಬಿಗಿಯಾದರೆ ಬೇರಿಂಗು ತಿನ್ನುತ್ತದೆ. ಹೊಸ ರಬ್ಬರು ಓಡುತ್ತ ಕೊಂಚ ಹಿಗ್ಗುವುದರಿಂದ ಕೆಲವು ದಿನ ಓಡಿಸಿ ಮತ್ತೆ ಬಾನೆಟ್ ಎತ್ತಿ ಒತ್ತಿ ನೋಡುವುದು ಲೇಸು.