‘ಇತರೆ’ ಎಂದು ಬರೆದ ನಾಲ್ಕು ಡಬ್ಬಗಳು

ಡೊಂಬಿವಲಿ ಪೂರ್ವದಲ್ಲಿ ಈಗ ಯಾವ ಗಲ್ಲಿಗೆ ಹೋದರೂ ಒಂದಾದರೂ ಕಟ್ಟಡಕ್ಕೆ ಹಸಿರು ಬಲೆ ಹೊದಿಸಿರುತ್ತಾರೆ. ರಿಡೆವಲಪ್‌ಮೆಂಟ್. ಹಾಗೆ ಬೀಳಲಿರುವ ಒಂದು ಹಳೆಯ ಸೊಸೈಟಿಯ ನೆಲಮಹಡಿಯಲ್ಲಿ ಕನ್ನಡಿಗರ ಸಣ್ಣ ಸಂಘವೊಂದರ ಕೋಣೆಯಿದೆ. ಕೋಣೆಯಲ್ಲಿ ಐದು ಕಬ್ಬಿಣದ ಕಪಾಟು, ಎರಡು ಬೆಂಚು, ಒಂದು ಹಾರ್ಮೋನಿಯಂ. ದೀಪಾವಳಿಯೊಳಗೆ ಖಾಲಿ ಮಾಡಿಕೊಡಬೇಕು. ನೆರೂಲ್‌ನಲ್ಲಿರುವ ಸದಸ್ಯರೊಬ್ಬರ ಖಾಲಿ ಫ್ಲ್ಯಾಟಿಗೆ ಪುಸ್ತಕಗಳನ್ನು ಸಾಗಿಸುವುದು, ಉಳಿದದ್ದನ್ನು ರದ್ದಿಗೆ ಹಾಕುವುದು ಎಂದು ಸಭೆಯಲ್ಲಿ ತೀರ್ಮಾನವಾಯಿತು. ಆ ‘ಉಳಿದದ್ದು’ ಎಂದರೆ ಏನು ಅನ್ನುವುದೇ ನಮ್ಮ ನಾಲ್ಕು ತಿಂಗಳ ಭಾನುವಾರಗಳ ಕೆಲಸ.

ನಾನಿರುವುದು ಠಾಣೆಯಲ್ಲಿ, ಕೆಲಸ ಐರೋಲಿಯಲ್ಲಿ, ವಾರವಿಡೀ ಡೇಟಾಬೇಸಿನ ಜೊತೆಗೇ ಏಗುವುದು. ಆ ಕಾರಣಕ್ಕೇ ನನ್ನನ್ನು ಹಿಡಿದು ಹಾಕಿದ್ದು. ನಿಜವಾದ ಕೆಲಸ ಗೊತ್ತಿರುವವರು ಕಲ್ಯಾಣದ ಅಕ್ಕ. ಮೂಲ ಕುಂದಾಪುರದ ಕಡೆ. ಮುಂಬಯಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕ್ಯಾಟಲಾಗ್ ಮಾಡಿ ನಿವೃತ್ತರಾದವರು. ಅವರು ಸ್ಲೋ ಲೋಕಲ್ ಹಿಡಿದು ಆ ಕಡೆಯಿಂದ, ನಾನು ಈ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಸೇರುತ್ತೇವೆ.

ಮೊದಲ ಮೂರು ಕಪಾಟು ಬೇಗ ಮುಗಿದವು. ಅನಕೃ, ತ್ರಿವೇಣಿ, ಭೈರಪ್ಪ, ನಮ್ಮ ಮುಂಬಯಿಯ ಚಿತ್ತಾಲರು, ಬಲ್ಲಾಳರು. ಇಂಥ ಪುಸ್ತಕಗಳಿಗೆ ದಾಖಲೆ ಬರೆಯುವ ಅಗತ್ಯವೇ ಇಲ್ಲ, ಇಳಿಸಿಕೊಂಡರೆ ಸಾಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯ ಕಚೇರಿಯ ಮೂಲಕ ನಮ್ಮ ಭಾಷೆಗಳ ಪುಸ್ತಕ ಕೊಳ್ಳುತ್ತಿದೆ. ಡೊಂಬಿವಲಿಯ ಕಪಾಟಿನಲ್ಲಿರುವ ಎಷ್ಟೋ ಕಾದಂಬರಿಗೆ ವಾಷಿಂಗ್ಟನ್ನಿನಲ್ಲಿ ಚೀಟಿ ಸಿದ್ಧವಿದೆ. ನಾವು ಬಳಸುವುದು ಕೋಹಾ ಎಂಬ ಉಚಿತ ತಂತ್ರಾಂಶ, ನ್ಯೂಜಿಲೆಂಡಿನ ಗ್ರಂಥಾಲಯವೊಂದರಲ್ಲಿ ಹುಟ್ಟಿದ್ದು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಹುಡುಕು, ಒತ್ತು, 894.814 ಎಂಬ ಡ್ಯೂಯಿ ಸಂಖ್ಯೆ, ಅಂದರೆ ಕನ್ನಡ ಸಾಹಿತ್ಯ, ತಾನಾಗಿ ಬಂದು ಕೂರುತ್ತದೆ. ಒಂದು ಪುಸ್ತಕಕ್ಕೆ ಎರಡು ನಿಮಿಷ.

ಕಷ್ಟ ಶುರುವಾದದ್ದು ನಾಲ್ಕನೆಯ ಕಪಾಟಿನ ತಳದಲ್ಲಿದ್ದ ರಟ್ಟಿನ ಡಬ್ಬಗಳಿಂದ. ನಾಲ್ಕರ ಮೇಲೂ ಸ್ಕೆಚ್ ಪೆನ್ನಿನಲ್ಲಿ ‘ಇತರೆ’ ಎಂದು ಬರೆದಿತ್ತು. ಸ್ಮರಣ ಸಂಚಿಕೆಗಳು, ಯಕ್ಷಗಾನ ಪ್ರಸಂಗಗಳು, ಮುಖಪುಟ ಹೋದ ಭಜನೆ ಪುಸ್ತಕಗಳು, ರಾತ್ರಿಶಾಲೆಯ ಕೈಬರಹದ ಪತ್ರಿಕೆ, ಕ್ಯಾಸೆಟ್ಟುಗಳು, ಎರಡು ಸಿ.ಡಿ. ಇವಕ್ಕೆ ಜಗತ್ತಿನ ಯಾವ ಗ್ರಂಥಾಲಯದಿಂದಲೂ ದಾಖಲೆ ಇಳಿಯಲಿಲ್ಲ. ಪುಸ್ತಕ ಪ್ರಕಟಿಸಿದವರು ಕಲ್ಕತ್ತೆಯ ನ್ಯಾಷನಲ್ ಲೈಬ್ರರಿಗೆ, ಮುಂಬಯಿ ಟೌನ್‌ಹಾಲಿನ ಸೆಂಟ್ರಲ್ ಲೈಬ್ರರಿಗೆ, ಇನ್ನೂ ಎರಡು ಕಡೆಗೆ ಪ್ರತಿ ಕಳಿಸಬೇಕೆಂಬ ಕಾನೂನು 1954ರಿಂದ ಇದೆ. ಆದರೆ ಗಣೇಶೋತ್ಸವದ ಸ್ಮರಣ ಸಂಚಿಕೆ ಛಾಪಿಸಿದ ಯಾವ ಕಾರ್ಯದರ್ಶಿಗೆ ಅದೆಲ್ಲ ನೆನಪಿರುತ್ತದೆ?

ಕಮಿಟಿಯ ಹಿರಿಯರೊಬ್ಬರು ಡಬ್ಬ ನೋಡಿ, “ಇದೆಲ್ಲ ಕಚರಾ, ನಿಜವಾದ ಪುಸ್ತಕ ಉಳಿಸಿ ಸಾಕು” ಅಂದರು. ಅಕ್ಕ ತಲೆ ಎತ್ತದೆ ಹೇಳಿದರು: “ತ್ರಿವೇಣಿಯ ಕಾದಂಬರಿ ಬೆಂಗಳೂರಲ್ಲಿ ನಾಳೆಯೂ ಸಿಗ್ತದೆ. ಇದು ಎಲ್ಲಿ ಸಿಗ್ತದೆ ಹೇಳಿ, ಅಲ್ಲಿಂದ ತರುವ.” ಅವರು ಸುಮ್ಮನಾದರು. ಆದರೂ ಷರತ್ತು ಹಾಕಿದರು: ಪಟ್ಟಿಯಲ್ಲಿ ಹೆಸರು ಬಂದದ್ದು ಮಾತ್ರ ನೆರೂಲಿಗೆ.

ಮೊದಲು ಒಂದು ಭಜನೆ ಪುಸ್ತಕ. ಮುಖಪುಟವಿಲ್ಲ, ಕೊನೆಯ ಪುಟದಲ್ಲಿ ‘ಬಹುಧಾನ್ಯ ಸಂ. ಕಾರ್ತಿಕ’ ಎಂದಷ್ಟೇ ಇದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುವುದು. ಬಹುಧಾನ್ಯ 1938ರಲ್ಲೂ ಬಂತು, 1998ರಲ್ಲೂ ಬಂತು. ಕಾಗದ ಹಳದಿಯಾಗಿದೆ ನಿಜ, ಮುಂಬಯಿಯ ಮಳೆಗಾಲದಲ್ಲಿ ಹೋದ ವರ್ಷದ ಕಾಗದವೂ ಹಳದಿಯಾಗುತ್ತದೆ. ಅಕ್ಕ ಪುಟ ತಿರುಗಿಸಿ ಮೂಲೆಯಲ್ಲಿ ‘ಬೆಲೆ 4 ಆಣೆ’ ತೋರಿಸಿದರು. ಆಣೆಯ ಲೆಕ್ಕ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ. ಹಾಗಾದರೆ 1938. ಅವರು ಬರೆದದ್ದು [1938?] ಎಂದು, ಚೌಕ ಕಂಸದೊಳಗೆ, ಪ್ರಶ್ನಾರ್ಥಕ ಚಿಹ್ನೆಯೊಂದಿಗೆ.

ಆ ಕಂಸದ ಬಗ್ಗೆ ಅವರಿಗೆ ಬಹಳ ನಿಷ್ಠೆ. ಪುಸ್ತಕ ತಾನೇ ಹೇಳಿದ್ದನ್ನು ಹಾಗೇ ಬರೆಯಬೇಕು. ನಾವು ಊಹಿಸಿದ್ದನ್ನು ಕಂಸದೊಳಗೆ ಇಡಬೇಕು. ಮುಂದೆ ಬಂದವನಿಗೆ ಯಾವುದು ಪುಸ್ತಕದ ಮಾತು, ಯಾವುದು ನಮ್ಮ ಮಾತು ಎಂದು ಗೊತ್ತಾಗಬೇಕಲ್ಲ. ನಮ್ಮ ಆಫೀಸಿನಲ್ಲಿ ಖಾಲಿ ಇರುವ ತಾರೀಕಿಗೆಲ್ಲ ಕಣ್ಣುಮುಚ್ಚಿ 1-1-1900 ತುಂಬುವವರು ಒಂದು ಭಾನುವಾರ ಅಕ್ಕನ ಪಕ್ಕ ಕೂರಬೇಕು.

ಸ್ಮರಣ ಸಂಚಿಕೆಗಳದು ಇನ್ನೊಂದು ತಮಾಷೆ. ಮುಕ್ಕಾಲು ಪಾಲು ಜಾಹೀರಾತು, ಒಂದೆರಡಕ್ಕೆ ಇಸವಿಯೇ ಇಲ್ಲ. ಆದರೆ ಇಸವಿ ಹೇಳಿಕೊಟ್ಟದ್ದು ಜಾಹೀರಾತುಗಳೇ. ಹೋಟೆಲಿನ ವಿಳಾಸದಲ್ಲಿ 421201 ಎಂಬ ಡೊಂಬಿವಲಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ ನಂತರದ್ದು, ಪಿನ್ ಶುರುವಾದದ್ದೇ ಆಗ. ಕನ್ನಡದಲ್ಲಿ ನಾವು ಎಂದಿನಿಂದಲೂ ಮುಂಬಯಿ ಅನ್ನುತ್ತೇವೆ, ಆದರೆ ಇಂಗ್ಲಿಷ್ ಜಾಹೀರಾತಿನಲ್ಲಿ ‘ಬಾಂಬೆ’ ಇದ್ದರೆ ಬಹುಶಃ 1995ಕ್ಕೆ ಮೊದಲಿನದು. ಆ ಪುಟಗಳನ್ನು ಓದುತ್ತಾ ಹೋದರೆ ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂಬುದೂ ಕಾಣುತ್ತದೆ. ಹಳೆಯ ಸಂಚಿಕೆಯಲ್ಲಿ ಫೋರ್ಟ್, ಮಸ್ಜಿದ್ ಬಂದರಿನ ಕ್ಯಾಂಟೀನುಗಳು. ಆಮೇಲೆ ಡೊಂಬಿವಲಿ, ಕಲ್ಯಾಣ. ಆಮೇಲಿನವುಗಳಲ್ಲಿ ವಾಶಿ, ನೆರೂಲ್, ಖಾರ್‌ಘರ್.

ಯಕ್ಷಗಾನ ಪ್ರಸಂಗವನ್ನು ಎಲ್ಲಿಡಬೇಕು? ಡ್ಯೂಯಿಯಲ್ಲಿ ಕನ್ನಡ ಕಾವ್ಯಕ್ಕೆ 894.8141, ನಾಟಕಕ್ಕೆ 894.8142. ಪ್ರಸಂಗದಲ್ಲಿರುವುದು ಭಾಗವತರು ಹಾಡುವ ಪದ್ಯ, ಆಡುವ ಮಾತು ಅರ್ಥಧಾರಿಯ ಬಾಯಲ್ಲಿ ಆ ರಾತ್ರಿಯೇ ಹುಟ್ಟುವುದು. ಪುಸ್ತಕ ನೋಡಿದರೆ ಕಾವ್ಯ, ರಂಗಸ್ಥಳ ನೋಡಿದರೆ ನಾಟಕ. ಅಕ್ಕ ನಾಟಕ ಅಂದರು. ನನಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ.

ಭಾಷೆಯ ಕಾಲಂ ಇನ್ನೂ ನಾಜೂಕು. ಕನ್ನಡ ಲಿಪಿಯಲ್ಲಿದ್ದದ್ದೆಲ್ಲ ಕನ್ನಡವಲ್ಲ. ಡಬ್ಬದಲ್ಲಿ ತುಳು ನಾಟಕಗಳಿದ್ದವು, ಕೊಂಕಣಿ ಪ್ರಾರ್ಥನೆಗಳಿದ್ದವು. ಹಿಂದಿನವರು ಎಲ್ಲಕ್ಕೂ ‘ಕನ್ನಡ’ ಎಂದೇ ಚೀಟಿ ಅಂಟಿಸಿದ್ದರು. ಕೊಂಕಣಿಗೆ ಗ್ರಂಥಾಲಯಗಳ ಹಳೆಯ ಭಾಷಾ ಸಂಕೇತಗಳಲ್ಲೇ ಜಾಗವಿದೆ. ತುಳುವಿಗೆ ಆ ಪಟ್ಟಿಯಲ್ಲಿ ಸ್ವಂತ ಸಂಕೇತವಿಲ್ಲ, ‘ಇತರ ದ್ರಾವಿಡ ಭಾಷೆಗಳು’ ಎಂಬ ಗುಂಪಿಗೆ ಹೋಗಬೇಕು. ಆಮೇಲೆ ಬಂದ ದೊಡ್ಡ ಪಟ್ಟಿಯಲ್ಲಷ್ಟೇ ಅದಕ್ಕೆ ‘ಟಿ-ಸಿ-ವೈ’ ಸಿಕ್ಕಿದೆ. ಡಬ್ಬದಲ್ಲೂ ಇತರೆ, ಪಟ್ಟಿಯಲ್ಲೂ ಇತರೆ ಎಂದು ಮಂಗಳೂರಿನ ಗೆಳೆಯನೊಬ್ಬ ಗೊಣಗಿದ. ಎರಡನ್ನೂ ತುಂಬಿದೆವು.

ನನ್ನ ಕೈಗೆ ಬಂದದ್ದು ಸಿ.ಡಿ.ಗಳು. ಸಂಚಿಕೆಗಳ ಪೇಜ್‌ಮೇಕರ್ ಕಡತಗಳು, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಡಾಲರು, ಅಡ್ಡಗೆರೆಗಳ ಸಂತೆ. ನಲವತ್ತು ವರ್ಷ ಹಳೆಯ ಕಾಗದ ಓದಲಿಕ್ಕೆ ಕನ್ನಡಕವೊಂದೇ ಸಾಕಿತ್ತು, ಇಪ್ಪತ್ತು ವರ್ಷದ ಈ ಸಿ.ಡಿ.ಗೆ ಮೂರು ಸಂಜೆ ಹೋಯಿತು. ಯೂನಿಕೋಡಿಗೆ ತಿರುಗಿಸಿದ ಮೇಲೂ ‘ಸೂರ್ಯ’ ಎಂದು ಹುಡುಕಿದರೆ ‘ಸೂರ‍್ಯ’ ಸಿಗುವುದಿಲ್ಲ. ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಕ್ಯಾಸೆಟ್ಟುಗಳ ಕಥೆ ಚುಟುಕು: ‘ಕರ್ಣಾರ್ಜುನ, ಕಲ್ಯಾಣ’ ಎಂದು ಬರೆದ ತಾಳಮದ್ದಳೆಯ ಮೇಲೆ ಅರ್ಧಕ್ಕೇ ಯಾರೋ ಹಿಂದಿ ಹಾಡು ತುಂಬಿದ್ದಾರೆ. ದಾಖಲೆಯಲ್ಲಿ ಅದನ್ನೂ ಬರೆದೆವು.

ಒಂದು ಭಾನುವಾರ ಕೆಲಸ ಬೇಗ ಮುಗಿದಾಗ ಅಕ್ಕ ನನ್ನನ್ನು ಕಲ್ಯಾಣಕ್ಕೆ ಕರೆದುಕೊಂಡು ಹೋಗಿ ಸಾರ್ವಜನಿಕ ವಾಚನಾಲಯ ತೋರಿಸಿದರು. 1864ರದು, ರೈಲು ಕಲ್ಯಾಣಕ್ಕೆ ಬಂದು ಬರೀ ಹತ್ತು ವರ್ಷಕ್ಕೆ ಹುಟ್ಟಿದ್ದು. ನಮ್ಮ ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಮರಾಠಿಗರ ಈ ಹಟ ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಿಗೆ ಇದು ಸ್ವಂತ ಊರು, 1967ರ ಕಾನೂನಿನಿಂದ ಸರ್ಕಾರದ ಅನುದಾನವೂ ಉಂಟು. ನಮ್ಮದು ಯಾವ ದಫ್ತರದಲ್ಲೂ ಗ್ರಂಥಾಲಯ ಎಂದು ಬರೆದಿಲ್ಲದ ಐದು ಕಪಾಟು.

ಮೂರು ಡಬ್ಬ ಮುಗಿದಿವೆ. ಗೋಣಿಚೀಲದಲ್ಲಿ ಕಟ್ಟಿ, ಲೋಕಲಿನ ಸಾಮಾನಿನ ಡಬ್ಬಿಯಲ್ಲಿ ಠಾಣೆಗೆ, ಅಲ್ಲಿಂದ ಟ್ರಾನ್ಸ್‌ಹಾರ್ಬರ್ ಗಾಡಿಯಲ್ಲಿ ನೆರೂಲಿಗೆ ಮುಟ್ಟಿಸಿದ್ದಾಗಿದೆ. ಮೀನಿನ ಬುಟ್ಟಿಯ ಪಕ್ಕ ಯಕ್ಷಗಾನ ಪ್ರಸಂಗಗಳು ಕೂತು ಹೋದವು.

ನಾಲ್ಕನೆಯದರ ಮೇಲ್ಗಡೆ ಇದ್ದದ್ದು ಪುಸ್ತಕವಲ್ಲ, ಸಂಘದ ಹಳೆಯ ಎರವಲು ರಿಜಿಸ್ಟರು. ಯಾರು ಯಾವ ಕಾದಂಬರಿ ಒಯ್ದರು, ಎಂದು ತಂದರು. ಅಂಬರನಾಥ, ಉಲ್ಲಾಸನಗರದಿಂದ ಬಂದು ಒಯ್ದವರೂ ಇದ್ದಾರೆ. ಇಸವಿ ಇರುವ ಪುಟಗಳನ್ನು ಗೆದ್ದಲು ತಿಂದಿದೆ. “ಇದಕ್ಕೆ ಶೀರ್ಷಿಕೆಯೇ ಇಲ್ಲವಲ್ಲ ಅಕ್ಕ?” ಅಂದೆ. “ಇಲ್ಲದಿದ್ದರೆ ನಾವು ಕೊಡುವುದು ಮಾರಾಯ, ಅದಕ್ಕೇ ಅಲ್ವಾ ಕಂಸ ಇರುವುದು” ಅಂದು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. [ಡೊಂಬಿವಲಿಯಲ್ಲಿ ಕನ್ನಡ ಓದಿದವರ ಲೆಕ್ಕ]. ಇಸವಿಯ ಕಾಲಂ ಇನ್ನೂ ಖಾಲಿಯಿದೆ. ಪುಸ್ತಕಗಳ ಬೆಲೆ ನೋಡಿ ಏನಾದರೂ ಅಂದಾಜು ಸಿಗುತ್ತದೆಯೇ ಎಂದು ಬರುವ ಭಾನುವಾರ ಕೂರಬೇಕು.