ಅರವತ್ತೆಂಟೋ, ಅರವತ್ತೊಂಬತ್ತೋ?

1968ರ ಡಾಡ್ಜ್ ಚಾರ್ಜರಿಗೂ 1969ರ ಡಾಡ್ಜ್ ಚಾರ್ಜರಿಗೂ ಏನು ವ್ಯತ್ಯಾಸ ಎಂದು ಮನೆಗೆ ಬಂದವರು ಬಾಯಿತಪ್ಪಿ ಕೇಳಿದರೆ ನನ್ನ ಹೆಂಡತಿ ಮೆಲ್ಲಗೆ ಎದ್ದು ಒಳಗೆ ಹೋಗಿ ಕಾಫಿಗೆ ನೀರಿಡುತ್ತಾಳೆ. ನನ್ನ ಉತ್ತರ ಮುಗಿಯುವಷ್ಟರಲ್ಲಿ ಡಿಕಾಕ್ಷನ್ ನಿಧಾನವಾಗಿ ಇಳಿದು, ಹಾಲು ಕಾದು, ಬಂದವರು ಗಡಿಯಾರ ನೋಡಲು ಶುರುಮಾಡಿರುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಲೆಕ್ಕ ತಪ್ಪಿದ್ದಿಲ್ಲ.

ಮಿಶಿಗನ್ನಿನ ನಮ್ಮ ಮನೆಯ ನೆಲಮಾಳಿಗೆಯಲ್ಲಿ ನನಗೊಂದು ಮೇಜು ದಕ್ಕಿದೆ. ಅಮೆರಿಕದ ಹಳೆಯ ಮಸಲ್ ಕಾರುಗಳನ್ನು ಇಪ್ಪತ್ತೈದನೇ ಒಂದು ಅಳತೆಯಲ್ಲಿ ಪ್ಲಾಸ್ಟಿಕ್ ಕಿಟ್‌ಗಳಿಂದ ಕಟ್ಟುವುದು ಅಲ್ಲಿ ನಡೆಯುವ ಕೆಲಸ. ಮಸಲ್ ಕಾರು ಎಂದರೆ ಅವರ ಲೆಕ್ಕದಲ್ಲಿ ಮಧ್ಯಮ ಗಾತ್ರದ, ಎರಡು ಬಾಗಿಲಿನ ಕಾರಿಗೆ ಅದರ ಅಗತ್ಯಕ್ಕೆ ಮೀರಿದ ಎಂಜಿನ್ ಕೂರಿಸಿದ್ದು. ಚಾರ್ಜರಿನ ಆರ್/ಟಿ ಎಂಬ ಮಾದರಿಗೆ ಬರುತ್ತಿದ್ದ 440 ಮ್ಯಾಗ್ನಮ್ ಎಂಜಿನ್ 7.2 ಲೀಟರಿನದು, 375 ಅಶ್ವಶಕ್ತಿಯದು. ಎಂಜಿನ್ನಿನ ಮಾತು ಎಲ್ಲರೂ ಆಡುತ್ತಾರೆ, ಆಡಲಿ. ನನಗೆ ರುಚಿ ಹತ್ತಿರುವುದು ಬೇರೆಯದು: ಅದೇ ಕಾರು ಒಂದು ವರ್ಷ ದಾಟಿ ಮುಂದಿನ ವರ್ಷಕ್ಕೆ ಕಾಲಿಡುವಾಗ ಏನು ಕಳಚಿಟ್ಟಿತು, ಏನು ತೊಟ್ಟುಕೊಂಡಿತು, ಯಾರ ಒತ್ತಾಯಕ್ಕೆ?

ನಾನು ಬೆಳೆದ ಕಾಲದಲ್ಲಿ ನಮ್ಮ ಕಾರುಗಳಿಗೆ ಇಸವಿಯ ಹಂಗೇ ಇರಲಿಲ್ಲ. ಅಂಬಾಸಿಡರ್ ಐವತ್ತರ ದಶಕದ ಕೊನೆಗೆ ಬಂದದ್ದು 2014ರವರೆಗೂ ಹೆಚ್ಚುಕಮ್ಮಿ ಅದೇ ಮೈಯಲ್ಲಿ ತಯಾರಾಯಿತು. ಮಾರ್ಕ್ 2 ಹೋಗಿ ಮಾರ್ಕ್ 3 ಬರಲು ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಡೆಟ್ರಾಯಿಟ್‌ನವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಪ್ರತಿ ವರ್ಷ ಕಾರಿನ ರೂಪ ಬದಲಿಸುವ ಪದ್ಧತಿಯನ್ನು ಜನರಲ್ ಮೋಟರ್ಸ್‌ನ ಆಲ್‌ಫ್ರೆಡ್ ಸ್ಲೋನ್ 1920ರ ದಶಕದಲ್ಲೇ ನೆಲೆಗೊಳಿಸಿದ್ದರು. ಪಕ್ಕದ ಮನೆಯವನು ಹೊಸ ಮಾಡೆಲ್ ತಂದ ದಿನ ನಿಮ್ಮ ಕಾರು ಹಳತಾಗಿ ಕಾಣಬೇಕು, ಅಷ್ಟೆ. ಆದರೆ ತಗಡು ಒತ್ತುವ ಭಾರೀ ಅಚ್ಚುಗಳನ್ನು ವರ್ಷವರ್ಷ ಬದಲಿಸಿದರೆ ಕಂಪನಿ ಮುಳುಗುತ್ತದೆ. ಹಾಗಾಗಿ ಒಂದೇ ಮೈಯನ್ನು ಎರಡು ಮೂರು ವರ್ಷ ಎಳೆದು, ಗ್ರಿಲ್, ದೀಪ, ಬಂಪರ್‌ಗಳಲ್ಲಿ ಮಾತ್ರ ಕೈಚಳಕ ತೋರಿಸುತ್ತಿದ್ದರು. ಇಸವಿ ಹಿಡಿಯಬೇಕಾದವನು ಕಾರಿನ ಮುಖ ನೋಡಬೇಕು, ಬೆನ್ನು ನೋಡಬೇಕು. ನಡುವೆ ಸಿಗುವುದು ಕಡಿಮೆ.

ಚಾರ್ಜರನ್ನೇ ನೋಡಿ. ರಿಚರ್ಡ್ ಸಯಸ್ ಬರೆದ ಆ ಸೊಂಟ ಸಣ್ಣಗಾದ ಮೈ 1968ರಿಂದ 1970ರವರೆಗೆ ಮೂರು ವರ್ಷ ಬಾಳಿತು. 1968ರದಕ್ಕೆ ಈ ಕೊನೆಯಿಂದ ಆ ಕೊನೆಯವರೆಗೆ ತಡೆಯಿಲ್ಲದ ಒಂದೇ ಕಪ್ಪು ಗ್ರಿಲ್, ಹೆಡ್‌ಲೈಟುಗಳು ಅದರೊಳಗೇ ಮುಚ್ಚಳದ ಹಿಂದೆ. ಹಿಂಬದಿಗೆ ನಾಲ್ಕು ದುಂಡು ದೀಪಗಳು. 1969ರಲ್ಲಿ ಗ್ರಿಲ್ಲಿನ ನಡುವೆ ಒಂದು ಗೋಡೆ ಬಂತು, ಹಿಂದೆ ದುಂಡು ದೀಪ ಹೋಗಿ ಎರಡು ಉದ್ದನೆಯ ದೀಪಗಳು ಬಂದವು. ಎರಡೂ ವಿನ್ಯಾಸಕ ಹಾರ್ವಿ ವಿನ್ ಅವರ ಕೆಲಸ. 1970ರಲ್ಲಿ ಆ ಗೋಡೆ ಮಾಯವಾಗಿ, ಗ್ರಿಲ್ಲಿನ ಸುತ್ತ ದೇವರ ಪಟಕ್ಕೆ ಹಾಕಿದ ಕಟ್ಟಿನಂತೆ ಒಂದು ಕ್ರೋಮ್ ಬಂಪರ್ ಬಂದು ಕೂತಿತು. ಆರ್/ಟಿಯ ಬಾಗಿಲಿಗೆ ಗಾಳಿಯನ್ನೇ ಎಳೆಯದ, ಹಿಂದಕ್ಕೆ ಮುಖ ಮಾಡಿದ ಒಂದು ಸುಳ್ಳು ಗಾಳಿಕಿಂಡಿ ಬೇರೆ. ಮುಖ ನೋಡುವುದಾದರೆ ನನಗೆ 1968 ಇಷ್ಟ, ಬೆನ್ನು ನೋಡುವುದಾದರೆ 1969. 1970ರ ಬಗ್ಗೆ ನಾನು ಸಾಮಾನ್ಯವಾಗಿ ಮಾತಾಡುವುದಿಲ್ಲ.

ಇಷ್ಟು ಗುರುತಿಸಲು ಪರಿಣತಿ ಬೇಡ. ನಿಜವಾದ ಮಜಾ ಶುರುವಾಗುವುದು ಮುಂದಿನ ಚಕ್ರದ ಮುಂದೆ, ಹಿಂದಿನ ಚಕ್ರದ ಹಿಂದೆ. ಆಗಸ್ಟ್‌ನಲ್ಲಿ ಇಲ್ಲಿಯ ವುಡ್‌ವರ್ಡ್ ಅವೆನ್ಯೂ ರಸ್ತೆಯುದ್ದಕ್ಕೂ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್ ಅದು. ಜನರೆಲ್ಲ ಬಾನೆಟ್ ಎತ್ತಿದ ಕಾರಿನ ಸುತ್ತ ಮುತ್ತಿಕೊಂಡಿರುವಾಗ ನಾನು ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಪಕ್ಕದ ದೀಪದ ಫೋಟೊ ಹೊಡೆಯುತ್ತಿರುತ್ತೇನೆ. "ರೀ, ಏಳ್ರೀ, ಆ ಮನುಷ್ಯ ಟೈರು ಕದಿಯೋಕೆ ಬಂದಿದ್ದೀರಿ ಅಂತ ನೋಡ್ತಿದ್ದಾನೆ" ಎಂದು ಹೆಂಡತಿ ಪಿಸುಗುಟ್ಟುತ್ತಾಳೆ.

ಆ ಪಕ್ಕದ ದೀಪಕ್ಕೆ ಒಂದು ಕತೆಯಿದೆ. ರಾತ್ರಿ ಹೊತ್ತು ಕಾರು ಪಕ್ಕದಿಂದಲೂ ಕಾಣಬೇಕು ಎಂದು ಅಮೆರಿಕ ಸರ್ಕಾರ ನಿಯಮ ತಂದಿತು: 1968ರ ಜನವರಿಯಿಂದ ಪಕ್ಕಕ್ಕೆ ದೀಪವನ್ನಾದರೂ ಇಡಿ, ಬೆಳಕು ಹಿಮ್ಮರಳಿಸುವ ರಿಫ್ಲೆಕ್ಟರನ್ನಾದರೂ ಇಡಿ. 1970ರಿಂದ ಎರಡೂ ಇರಲೇಬೇಕು. ಹೀಗಾಗಿ 1968ರ ಚಾರ್ಜರಿನ ಪಕ್ಕದಲ್ಲಿ ಪುಟ್ಟ ದುಂಡು ದೀಪ, ಮುಂದೆ ಹಳದಿ ಮಿಶ್ರಿತ ಕಿತ್ತಳೆ ಬಣ್ಣದ್ದು, ಹಿಂದೆ ಕೆಂಪು. 1969ರಲ್ಲಿ ಅದೇ ಜಾಗಕ್ಕೆ ಉದ್ದ ಚೌಕದ ರಿಫ್ಲೆಕ್ಟರ್ ಬಂತು. ಒಳಗೆ ಬಲ್ಬೇ ಇಲ್ಲ! ಮುಂದಿನ ವರ್ಷದ ಕಾರು ಹಿಂದಿನದಕ್ಕಿಂತ ಮುಂದುವರಿದಿರುತ್ತದೆ ಎಂದು ನಂಬುವವರು ಇದನ್ನೊಮ್ಮೆ ನೋಡಬೇಕು.

ಇನ್ನೊಂದು ನಿಯಮ ಕಾರಿನೊಳಗೆ ಹೊಕ್ಕಿತು. ಮುಂದಿನ ಸೀಟುಗಳಿಗೆ ತಲೆಯಾನಿಕೆ ಕಡ್ಡಾಯವಾದದ್ದು 1969ರ ಜನವರಿ 1ರಿಂದ. ಆದರೆ 1969ರ ಮಾಡೆಲ್ ಎಂಬುದು 1968ರ ಬೇಸಿಗೆ ಮುಗಿಯುವಾಗಲೇ ಕಾರ್ಖಾನೆಯಿಂದ ಹೊರಬೀಳುತ್ತಿತ್ತು. ಅಂದರೆ 1969ರ ಎರಡು ಚಾರ್ಜರುಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ, ಅಕ್ಟೋಬರಿನಲ್ಲಿ ಕಟ್ಟಿದ್ದಕ್ಕೆ ತಲೆಯಾನಿಕೆ ಇಲ್ಲದಿರಬಹುದು, ಫೆಬ್ರವರಿಯದಕ್ಕೆ ಇರಲೇಬೇಕು. ಇಸವಿ ಗೊತ್ತಾದರೆ ಸಾಲದು, ತಿಂಗಳೂ ಬೇಕು. 1970ಕ್ಕೆ ಬಂದರೆ ಸೀಟಿನ ಬೆನ್ನೇ ಎತ್ತರವಾಗಿ ತಲೆಯಾನಿಕೆ ಅದರಲ್ಲೇ ಸೇರಿಹೋಯಿತು, ಡ್ಯಾಶ್‌ಬೋರ್ಡಿನಲ್ಲಿದ್ದ ಕೀಲಿಯ ಜಾಗ ಕಳ್ಳರ ಕಾಟಕ್ಕೆ ಹೆದರಿ ಸ್ಟೀರಿಂಗ್ ಕಂಬಕ್ಕೆ ಏರಿತು. ಇದನ್ನು ಮಾಡಿಸಿದ್ದೂ ಒಂದು ನಿಯಮವೇ. ಮಾಲೀಕರು ಏನೇ ಹೇಳಲಿ, ಅನುಮಾನ ಬಂದರೆ ಮುಂದಿನ ಗಾಜಿನೊಳಗೆ ಡ್ಯಾಶ್‌ಬೋರ್ಡಿನ ಮೇಲಿರುವ ನಂಬರಿನ ತಗಡು ಓದಬೇಕು. ಎಕ್ಸ್‌ಎಸ್29ಎಲ್8ಬಿ ಎಂದು ಶುರುವಾದರೆ ಚಾರ್ಜರ್ ಆರ್/ಟಿ, 440 ಮ್ಯಾಗ್ನಮ್, ಹ್ಯಾಮ್‌ಟ್ರ್ಯಾಮ್ಕ್ ಕಾರ್ಖಾನೆ. ಆರನೆಯ ಜಾಗದ ಆ 8 ಎಂಬುದೇ ಇಸವಿ.

ಮೇಜಿಗೆ ಬರೋಣ. ನಿಜವಾದ ಚಾರ್ಜರ್ 208 ಇಂಚು ಉದ್ದ, ನನ್ನದು ಎಂಟೂಕಾಲು ಇಂಚಿಗೆ ತುಸು ಮೇಲೆ. ಪಕ್ಕದ ಆ ದುಂಡು ದೀಪ ನನ್ನಲ್ಲಿ ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. 1969ರ ಮೈಯನ್ನು 1968ಕ್ಕೆ ಹಿಂದೂಡಬೇಕಾದರೆ ಮೊದಲು ಚೌಕದ ಗುರುತಿಗೆ ಪುಟ್ಟಿ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ನೀರಿನಲ್ಲಿ ಅದ್ದಿದ ಉಪ್ಪುಕಾಗದದಿಂದ ತೀಡಬೇಕು. ಬೆರಳು ಸವರಿದಾಗ ಏನೂ ಸಿಗಬಾರದು. ಆಮೇಲೆ ಕೈಯಲ್ಲೇ ತಿರುಗಿಸುವ ಪುಟ್ಟ ಡ್ರಿಲ್ಲಿನಿಂದ ತೂತು. ಕಿಟ್‌ನಲ್ಲಿ ಗಾಜಿನ ಭಾಗಗಳನ್ನು ಹಿಡಿದಿಟ್ಟ ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿ ಇರುತ್ತದಲ್ಲ, ಎಲ್ಲರೂ ಕಸಕ್ಕೆ ಹಾಕುವುದು, ಅದನ್ನು ಮೇಣದಬತ್ತಿಯ ಮೇಲೆ ಮೆತ್ತಗಾಗುವವರೆಗೆ ತಿರುಗಿಸಿ ಎರಡೂ ಕೈಯಿಂದ ಎಳೆದರೆ ಸಣ್ಣಗೆ ಉದ್ದವಾಗುತ್ತದೆ. ಬೇಕಾದ ದಪ್ಪ ಇರುವಲ್ಲಿ ಕತ್ತರಿಸಿ, ತುದಿಯನ್ನು ಜ್ವಾಲೆಯ ಹತ್ತಿರ ಕ್ಷಣಮಾತ್ರ ತೋರಿಸಿದರೆ ಅದು ತಾನಾಗಿ ಉಬ್ಬಿ ಮಸೂರದ ಆಕಾರ ತಳೆಯುತ್ತದೆ. ಅದಕ್ಕೆ ಟಾಮಿಯಾದ ಪಾರದರ್ಶಕ ಕಿತ್ತಳೆ ಬಣ್ಣ ಒಂದು ಹನಿ. ಬೆಳಕು ಬಿದ್ದಾಗ ಅದು ಒಳಗಿನಿಂದ ಹೊತ್ತಿಕೊಂಡ ಹಾಗೆ ಕಾಣುವುದನ್ನು ನೋಡಲು ನಾನು ಊಟಕ್ಕೆ ಕರೆದರೂ ಏಳುವುದಿಲ್ಲ.

ಈ ಪಾಡು ಏಕೆ, 1968ರ ಕಿಟ್ಟನ್ನೇ ಕೊಂಡರಾಯಿತಲ್ಲ ಎನ್ನಬಹುದು. ಅರವತ್ತರ ದಶಕದಲ್ಲಿ ಎಎಂಟಿ, ಎಂಪಿಸಿ, ಜೋಹ್ಯಾನ್ ಕಂಪನಿಗಳು ಪ್ರತಿ ವರ್ಷದ ಹೊಸ ಕಾರಿಗೆ ಹೊಸ ಕಿಟ್ ತರುತ್ತಿದ್ದವು. ಉಕ್ಕಿನ ಅಚ್ಚು ದುಬಾರಿ. ಹಾಗಾಗಿ ಹಳೆಯ ವರ್ಷದ ಅಚ್ಚನ್ನೇ ಕೆತ್ತಿ, ತಿದ್ದಿ, ಮುಂದಿನ ವರ್ಷಕ್ಕೆ ಹೊಂದಿಸುತ್ತಿದ್ದರು. ಹೊಸ ವರ್ಷ ಹುಟ್ಟಿದರೆ ಹಳೆಯದು ಅಚ್ಚಿನಲ್ಲೇ ಅಳಿಸಿಹೋಯಿತು. ಎಷ್ಟೋ ಕಾರುಗಳ ಒಂದೊಂದು ಇಸವಿ ಹೀಗೆ ಕಳೆದುಹೋಗಿ, ದಶಕಗಳಾದ ಮೇಲೆ ಯಾರೋ ಹೊಸ ಅಚ್ಚು ಮಾಡುವವರೆಗೆ ಸಿಗದಂತಾಯಿತು. ಕೆಲವು ಸಿಗಲೇ ಇಲ್ಲ.

ಇನ್ನು ಇಸವಿಯ ಶುದ್ಧಿ ಎಂದು ತೀರಾ ಮಡಿ ಮಾಡುವವರೂ ಇದ್ದಾರೆ. ಅವರ ಮುಂದೆ ನಾನು 1969ರ ಚಾರ್ಜರ್ ಡೇಟೋನಾ ಇಡುತ್ತೇನೆ. ಒಳಕ್ಕೆ ಸರಿದ ಗ್ರಿಲ್ಲೂ ಹಳ್ಳದಲ್ಲಿ ಕೂತ ಹಿಂಗಾಜೂ ಓಟದ ವೇಗದಲ್ಲಿ ಗಾಳಿಗೆ ಸಿಕ್ಕಿ ಕಾಟ ಕೊಟ್ಟವು. ಅದಕ್ಕೆ ಡಾಡ್ಜ್‌ನವರು ಮೊದಲು ಚಾರ್ಜರ್ 500 ಎಂದು ಮಾಡಿ, 1968ರ ಕೊರೊನೆಟ್ ಕಾರಿನ ಗ್ರಿಲ್ಲನ್ನು 1969ರ ಮೈಗೆ ಅಂಟಿಸಿದರು. ಸಾಲಲಿಲ್ಲ. ಆಗ ಬಂದದ್ದು ಚೂಪು ಮೂಗಿನ, ಬೆನ್ನ ಮೇಲೆ 23 ಇಂಚು ಎತ್ತರದ ರೆಕ್ಕೆಯ ಡೇಟೋನಾ, ಒಟ್ಟು 503 ಕಾರುಗಳು. 1970ರ ಮಾರ್ಚ್‌ನಲ್ಲಿ ರೇಸ್ ಚಾಲಕ ಬಡ್ಡಿ ಬೇಕರ್ ಟಾಲಡೇಗಾ ರೇಸ್ ಟ್ರ್ಯಾಕಿನಲ್ಲಿ ಗಂಟೆಗೆ 200 ಮೈಲಿ ದಾಟಿದ್ದು ಇದರಲ್ಲೇ. ಈ 1969ರ ಕಾರಿನ ಬಾನೆಟ್ಟೂ ಮುಂದಿನ ಮಡ್‌ಗಾರ್ಡುಗಳೂ 1970ರ ಚಾರ್ಜರಿನವು! ಕಾರ್ಖಾನೆಯೇ ಇಸವಿ ಬೆರೆಸಿದ ಮೇಲೆ ಮಡಿಗೆ ಎಲ್ಲಿ ಜಾಗ?

ಟಿವಿಯವರಂತೂ ಇನ್ನೂ ಧಾರಾಳಿಗಳು. 1979ರಿಂದ 1985ರವರೆಗೆ ಬಂದ 'ದ ಡ್ಯೂಕ್ಸ್ ಆಫ್ ಹ್ಯಾಜರ್ಡ್' ಧಾರಾವಾಹಿಯ ಕಿತ್ತಳೆ ಬಣ್ಣದ ಜನರಲ್ ಲೀ 1969ರ ಚಾರ್ಜರ್. ವಾರವಾರ ಹಾರಿಸಿ ಜಜ್ಜಿದ್ದರಿಂದ ಸುಮಾರು ಮುನ್ನೂರು ಕಾರುಗಳು ಬೇಕಾದವು. 1969ರವು ಸಿಗದಾದಾಗ 1968ರವಕ್ಕೆ ಗ್ರಿಲ್ಲೂ ಹಿಂದೀಪವೂ ಬದಲಿಸಿ ವೇಷ ಕಟ್ಟಿದರು. ಗುಲಾಮಗಿರಿಯ ಪರ ಕಾದಾಡಿದವರ ಬಾವುಟ ಆ ಕಾರಿನ ಛಾವಣಿಯ ಮೇಲಿದೆ ಎಂಬ ಕಾರಣಕ್ಕೆ ನಾನು ಅದನ್ನು ಕಟ್ಟುವುದಿಲ್ಲ, ಅದು ಬೇರೆ ಮಾತು. ವೇಷ ಕಟ್ಟಿದವರ ಕೈಕೆಲಸಕ್ಕೆ ಮಾತ್ರ ನನ್ನ ಮೆಚ್ಚುಗೆ ಇದೆ. ಅವರಿಗೆ ಎರಡು ವರ್ಷಗಳ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಬೆರೆಸಿದರು.

ಈ ಕಸುಬಿಗೆ ಹೊಸದಾಗಿ ಇಳಿಯುವವರಿಗೆ ನಾನು ಹೇಳುವುದಿಷ್ಟೆ. ಪೆಟ್ಟಿಗೆಯ ಮೇಲೆ ಅಚ್ಚಾದ ಇಸವಿಯನ್ನು ಪೂರ್ತಿ ನಂಬಬೇಡಿ. ಗಮ್ಮಿನ ಮುಚ್ಚಳ ತೆಗೆಯುವ ಮುಂಚೆ ನಿಜವಾದ ಒಂದು ಕಾರಿನ ನಾಲ್ಕೂ ಕಡೆಯ ಫೋಟೊ ಎದುರಿಗಿಟ್ಟುಕೊಂಡು ಗ್ರಿಲ್, ದೀಪ, ಸೀಟು ಒಂದೊಂದಾಗಿ ತಾಳೆ ನೋಡಿ. ಫೋಟೊ ತೆಗೆಯುವಾಗ ಕಾರನ್ನು ಮುಟ್ಟಬೇಡಿ. ಮಾಲೀಕರು ಅಲ್ಲೇ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.