ಎಲ್ಲಿ ಹೋಯಿತು ಹತ್ತು ಅಂಕ?

ಹೊಲಿಗೆ ಯಂತ್ರದ ಮೇಜಿಗೆ ಸ್ಟಿಯರಿಂಗ್ ಚಕ್ರ ಬಿಗಿದು ಕುಳಿತ ಹುಡುಗನನ್ನು ನೋಡಿ ಫರಂಗಿಪೇಟೆಯ ಆ ಓಣಿಯಲ್ಲಿ ನಗದವರಿಲ್ಲ. ಕಾರಿಲ್ಲ, ರಸ್ತೆಯಿಲ್ಲ, ಚಕ್ರವೊಂದು ಮಾತ್ರ ಉಂಟು. ಹೊರಗೆ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗುವ ಲಾರಿಗಳ ಸಾಲು. ಒಳಗೆ ಪರದೆಯ ಮೇಲೆ ಇಟಲಿಯ ಮೊಂಜಾ. ತಾಯಿಗೆ ಗಿರಾಕಿಗಳ ರವಿಕೆ ಹೊಲಿಯಲಿಕ್ಕೆ ಇದ್ದರೆ ಮೊಂಜಾ ಜಾಗ ಖಾಲಿ ಮಾಡಬೇಕು.

ಇದಕ್ಕೆ ಸಿಮ್ ರೇಸಿಂಗ್ ಎಂದು ಹೆಸರು. ವಿಡಿಯೋ ಗೇಮ್ ಎಂದು ಹೇಳಿ ಮುಗಿಸಬಹುದು, ಆದರೆ ಹಾಗೆಂದರೆ ಹುಡುಗರಿಗೆ ಸಿಟ್ಟು ಬರುತ್ತದೆ. ಅವರ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವೂ ಇದೆ. ಇಲ್ಲಿ ಟಯರು ಬಿಸಿಯಾದರೆ ಹಿಡಿತ ಬದಲಾಗುತ್ತದೆ, ಬ್ರೇಕು ಒತ್ತಿದರೆ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ತಿರುವಿನಲ್ಲಿ ಅತಿವೇಗ ತೋರಿಸಿದರೆ ನ್ಯೂಟನ್ನನ ಮೊದಲ ನಿಯಮ ಕಾರನ್ನು ನೇರವಾಗಿ ಮರಳಿಗೆ ಕರೆದೊಯ್ಯುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ ಇಲ್ಲಿ ಅರ್ಧ ಸೆಕೆಂಡಿನಲ್ಲಿ ಅರ್ಥವಾಗುತ್ತದೆ.

2025ರ ಬೇಸಿಗೆ. ಎಸ್ಸೆಸ್ಸೆಲ್ಸಿ ಮುಗಿಸಿದ ಆರು ಮಂದಿ ಹುಡುಗರು ಸೇರಿ ಒಂದು ಲೀಗ್ ಮಾಡಿಕೊಂಡರು. ಫರಂಗಿಪೇಟೆಯವನೊಬ್ಬ, ತುಂಬೆಯವನೊಬ್ಬ, ಬಿ.ಸಿ. ರೋಡಿನ ಇಬ್ಬರು, ಮೂಡುಬಿದಿರೆಯವನೊಬ್ಬ, ಬೆಳ್ತಂಗಡಿಯವನೊಬ್ಬ. ಏಪ್ರಿಲ್ ಮೊದಲ ವಾರದಿಂದ ಎಂಟು ಭಾನುವಾರ ಸಂಜೆ ಎಂಟು ಓಟ. ಮೊದಲು ಬಂದವನಿಗೆ 10 ಅಂಕ, ನಂತರದವರಿಗೆ 6, 4, 3, 2, 1. ಅರ್ಧದಲ್ಲಿ ನಿಂತವನಿಗೂ ಅವನು ಮುಗಿಸಿದ ಸುತ್ತಿನ ಲೆಕ್ಕದಲ್ಲಿ ಸ್ಥಾನ. ತಲಾ ಇನ್ನೂರು ರೂಪಾಯಿ ಹಾಕಿ ಒಂದು ಕಪ್ ತರುವುದು, ಅದರ ಮೇಲೆ ಗೆದ್ದವನ ಹೆಸರು ಕೆತ್ತಿಸುವುದು. ಅಂಕಪಟ್ಟಿ ಬರೆಯುವ ಕೆಲಸ ಫರಂಗಿಪೇಟೆಯ ಹುಡುಗನ ಪಾಲಿಗೆ ಬಂತು. ಕಂಪ್ಯೂಟರಿನ ಲೆಕ್ಕದಲ್ಲಿ ಅವನು ಸ್ವಲ್ಪ ಹುಷಾರು.

ಕೆಲಸ ಕಷ್ಟದ್ದೇನಲ್ಲ. ಓಟ ಮುಗಿದೊಡನೆ ಆಟದ ಸರ್ವರ್ ಒಂದು ಫಲಿತಾಂಶದ ಕಡತವನ್ನು ಬರೆದಿಡುತ್ತದೆ. ಅದರಲ್ಲಿ ಚಾಲಕನ ಹೆಸರು, ಅವನ ಗುರುತಿನ ಸಂಖ್ಯೆ, ಪ್ರತಿ ಸುತ್ತಿಗೆ ತೆಗೆದುಕೊಂಡ ಕಾಲ, ಅದೂ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ, ಎಲ್ಲ ಇರುತ್ತದೆ. ಹುಡುಗ ಅದರಿಂದ ಹೆಸರುಗಳನ್ನು ಎತ್ತಿ ಎಕ್ಸೆಲ್ ಹಾಳೆಗೆ ಹಾಕುತ್ತಿದ್ದ. ಪಕ್ಕದಲ್ಲಿ ಅಂಕ. ಇನ್ನೊಂದು ಹಾಳೆಯಲ್ಲಿ ಆರು ಹೆಸರು. ಪ್ರತಿ ಹೆಸರಿನ ಎದುರು ‘ಈ ಹೆಸರಿಗೆ ಬಂದ ಅಂಕಗಳನ್ನೆಲ್ಲ ಕೂಡಿಸು’ ಎನ್ನುವ ಒಂದು ಸೂತ್ರ. ಒಟ್ಟು ಅಂಕ ತಾನಾಗಿ ಬರುತ್ತದೆ, ಹೆಚ್ಚಿದ್ದವನು ಮೇಲೆ ನಿಲ್ಲುತ್ತಾನೆ. ಅದರ ಚಿತ್ರ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಆ ವಾರದ ಕೆಲಸ ಮುಗಿಯಿತು.

ಎಂಟನೆಯ ಓಟ ಮೇ 25ರಂದು. ಅದನ್ನು ಗೆದ್ದವನು ಬೆಳ್ತಂಗಡಿಯವನು, ಆದರೆ ಪಟ್ಟಿಯಲ್ಲಿ ಅವನಿಗೆ 49. ಫರಂಗಿಪೇಟೆಯ ಹುಡುಗನಿಗೆ 58. ಎಲ್ಲರೂ ಅಭಿನಂದಿಸಿ ಆಯಿತು. ಮರುದಿನ ಬಿ.ಸಿ. ರೋಡಿನ ಅಂಗಡಿಗೆ ಹೆಸರು ಕೊಡುವುದೊಂದು ಬಾಕಿ.

ಆ ರಾತ್ರಿ ಊಟಕ್ಕೆ ಬಂದವರು ಸೋದರಮಾವ. ಅವರು ಒಂದು ಸಹಕಾರಿ ಸಂಘದ ಪಿಗ್ಮಿ ಸಂಗ್ರಾಹಕರು. ದಿನಕ್ಕೆ ಎರಡಾಣೆ ಉಳಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಆರಂಭಿಸಿದ್ದು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿಯ ಹೆಸರು ಮಾತ್ರ ಜಿಲ್ಲೆಯ ಅಂಗಡಿ ಬೀದಿಗಳಲ್ಲಿ ಉಳಿಯಿತು. ಮಾವ ಮೀನಿನ ಅಂಗಡಿಯಿಂದ ಹಿಡಿದು ಗ್ಯಾರೇಜಿನವರೆಗೆ ಹಣ ಎತ್ತಿ, ಸಂಜೆ ರಸೀದಿಗಳ ಮೊತ್ತವನ್ನೂ ಚೀಲದ ನೋಟುಗಳನ್ನೂ ತಾಳೆ ನೋಡದೆ ಕೈ ತೊಳೆಯುವವರಲ್ಲ. ಕೈಗೆ ಯಂತ್ರ ಬಂದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ.

ಮಾವನ ಇನ್ನೊಂದು ಹುಚ್ಚು ಕಂಬಳ. ನವೆಂಬರ್‌ನಿಂದ ಬೇಸಿಗೆಯವರೆಗೆ ಶನಿವಾರ ರಾತ್ರಿ ಅವರು ಮನೆಯಲ್ಲಿ ಇರುವುದು ಕಡಿಮೆ. ಮೂಡುಬಿದಿರೆ, ವೇಣೂರು, ಹೊಕ್ಕಾಡಿಗೋಳಿ, ಐಕಳ. ಅಳಿಯನ ಪಟ್ಟಿ ನೋಡಿದಾಗ ಅವರಿಗೆ ನೆನಪಾದದ್ದು ಅದೇ. ಋತುವಿಡೀ ಬಂದ ಅಂಕ ಕೂಡಿಸಿ ‘ಸರಣಿ ಶ್ರೇಷ್ಠ’ ಎಂದು ಕೊಡುವ ಕ್ರಮ ಕಂಬಳದಲ್ಲೂ ಉಂಟು. ಅಲ್ಲಿಯೂ ಕೋಣಗಳಿಗೆ ಊರಿನ ಹೆಸರು ಮೊದಲು, ಯಜಮಾನನ ಹೆಸರು ಆಮೇಲೆ.

“ಮೊದಲು ಮಂಜೊಟ್ಟಿಯಲ್ಲಿ ನಿಂತವರ ಕಣ್ಣೇ ತೀರ್ಪು. ಗಲಾಟೆ ಆಗದ ಕಂಬಳ ಇರಲಿಲ್ಲ” ಎಂದರು ಮಾವ. “ಈಗ ಲೇಸರ್ ಬಂದಿದೆ. ಕಿರಣ ತುಂಡಾದದ್ದು ಎಷ್ಟು ಹೊತ್ತಿಗೆ ಅಂತ ಅದು ಹೇಳ್ತದೆ. ಯಾರ ಕೋಣ, ಯಾವ ವಿಭಾಗ ಅಂತ ಬರೆಯುವುದು ಮನುಷ್ಯನೇ.”

ಮಾತು ಸುಮ್ಮನೆ ಬಂದದ್ದು, ಆದರೆ ಅದರಲ್ಲಿ ಹುರುಳಿದೆ. ಹಗ್ಗ, ನೇಗಿಲು ವಿಭಾಗಗಳಲ್ಲಿ ಯಾರು ಮೊದಲು ಮುಟ್ಟಿದರು ಎಂಬುದು ಲೆಕ್ಕ. ಕನೆ ಹಲಗೆಯಲ್ಲಿ ವೇಗದ ಪೈಪೋಟಿಯೇ ಅಲ್ಲ, ಚಿಮ್ಮಿದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಬೇಕು. ಯಾವುದನ್ನು ಅಳೆಯಬೇಕು ಎಂದು ಮೊದಲೇ ತೀರ್ಮಾನವಾಗದಿದ್ದರೆ ಎಂಥ ಯಂತ್ರವೂ ನಿಷ್ಪ್ರಯೋಜಕ. 2020ರ ಫೆಬ್ರುವರಿಯಲ್ಲಿ ಐಕಳದ ಕರೆಯಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಮಾಡಿದ ಲೆಕ್ಕ ನೆನಪಿರಬಹುದು. ಭಾಗಿಸಿ ನೋಡಿದರೆ ನೂರು ಮೀಟರಿಗೆ 9.55 ಸೆಕೆಂಡು, ಉಸೇನ್ ಬೋಲ್ಟನ ದಾಖಲೆ 9.58! ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರದು 143 ಮೀಟರಿಗೆ 13.61. ಭಾಗಾಕಾರ ತಪ್ಪಿರಲಿಲ್ಲ, ಪ್ರಶ್ನೆ ತಪ್ಪಿತ್ತು. ನಿಂತಲ್ಲಿಂದ ಹೊರಡುವ ಓಟಗಾರನಿಗೆ ಮೊದಲ ಕೆಲವು ಹೆಜ್ಜೆಗಳೇ ದುಬಾರಿ. ದೂರ ಹೆಚ್ಚಾದರೆ ಆ ನಷ್ಟ ಹಂಚಿಹೋಗುತ್ತದೆ. ಬೋಲ್ಟನೇ 2009ರಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದಾಗ ಕೊನೆಯ ನೂರು ಮೀಟರಿಗೆ ಹಿಡಿದದ್ದು ಬರೇ 8.70. ಜತೆಗೆ, ಬೋಲ್ಟನನ್ನು ಕೋಣಗಳು ಎಳೆದಿರಲಿಲ್ಲ. ಗೌಡರ ಕಾಲ ಕೆಳಗೆ ಟ್ರ್ಯಾಕ್ ಇರಲಿಲ್ಲ, ಕೆಸರಿತ್ತು. ಇಬ್ಬರ ಸಾಹಸವೂ ದೊಡ್ಡದೇ, ಒಂದೇ ಪಟ್ಟಿಯಲ್ಲಿ ಬರೆಯುವಂಥದಲ್ಲ.

ಎದ್ದು ಹೊರಡುವಾಗ ಮಾವ ಚಪ್ಪಲಿ ಮೆಟ್ಟುತ್ತ ಕೇಳಿದರು: “ಎಲ್ಲರ ಅಂಕ ಕೂಡಿಸಿದರೆ ಎಷ್ಟು ಬರಬೇಕೋ ಅಷ್ಟು ಬಂದಿದೆಯಾ? ತಾಳೆ ನೋಡಿದ್ದೀಯಲ್ಲ?”

“ಕಂಪ್ಯೂಟರ್ ಕೂಡಿಸಿದ್ದು ಮಾವ” ಎಂದ ಹುಡುಗ. ಮಾವ ಕೊಡೆ ಬಿಡಿಸಿಕೊಂಡು ಹೋದರು.

ಹೋದ ಮೇಲೆ ಸುಮ್ಮನೆ ನೋಡೋಣವೆಂದು ಅವನು ಲೆಕ್ಕ ಹಾಕಿದ. ಒಂದು ಓಟದಲ್ಲಿ ಹಂಚುವ ಅಂಕ ಹತ್ತು, ಆರು, ನಾಲ್ಕು, ಮೂರು, ಎರಡು, ಒಂದು, ಒಟ್ಟು 26. ಯಾರು ಗೆಲ್ಲಲಿ, ಯಾರು ಸೋಲಲಿ, 26 ಹೆಚ್ಚೂ ಆಗದು, ಕಡಿಮೆಯೂ ಆಗದು. ಎಂಟು ಓಟಕ್ಕೆ 208. ಪಟ್ಟಿಯ ಆರೂ ಮೊತ್ತಗಳನ್ನು ಕೂಡಿಸಿದ. 198.

ಕಾಣೆಯಾದ ಹತ್ತು ಸಿಗಲು ಒಂದು ಗಂಟೆ ಹಿಡಿಯಿತು. ಐದನೆಯ ಓಟ, ಮೇ 4. ಅಂದು ಬೆಳ್ತಂಗಡಿಯಲ್ಲಿ ಗುಡುಗು ಮಳೆ, ಕರೆಂಟಿಲ್ಲ. ಅಲ್ಲಿಯ ಹುಡುಗ ಉಜಿರೆಗೆ ಓಡಿ ದೊಡ್ಡಪ್ಪನ ಮಗನ ಕಂಪ್ಯೂಟರಿನಲ್ಲಿ ಆಡಿ ಗೆದ್ದಿದ್ದ. ಅವಸರದಲ್ಲಿ ಹೆಸರು ಟೈಪು ಮಾಡುವಾಗ ಕೊನೆಯ ಅಕ್ಷರದ ನಂತರ ಒಂದು ಖಾಲಿ ಜಾಗ ಬಿದ್ದಿತ್ತು. ಮನುಷ್ಯನ ಕಣ್ಣಿಗೆ ಅದು ಏನೂ ಅಲ್ಲ. ಕಂಪ್ಯೂಟರಿಗೆ ಇಂಗ್ಲಿಷಿನ ದೊಡ್ಡ ‘ಎ’ ಹೇಗೆ 65 ಎಂಬ ಸಂಖ್ಯೆಯೋ ಹಾಗೆ ಖಾಲಿ ಜಾಗ 32 ಎಂಬ ಸಂಖ್ಯೆ. ಅದರ ಲೆಕ್ಕಕ್ಕೆ ಆ ದಿನ ಗೆದ್ದವನು ಯಾರೋ ಏಳನೆಯವನು, ಅವನ ಹೆಸರು ಪಟ್ಟಿಯಲ್ಲೇ ಇಲ್ಲ. ಗುರುತಿನ ಸಂಖ್ಯೆಯನ್ನು ಹಿಡಿದು ಕೂಡಿಸಿದ್ದರೆ ಈ ತೊಂದರೆಯೇ ಇರಲಿಲ್ಲ. ಹೆಸರು ಓದಲು ಚೆಂದ ಎಂದು ಹುಡುಗ ಹೆಸರನ್ನು ಹಿಡಿದಿದ್ದ.

ಖಾಲಿ ಜಾಗ ಅಳಿಸಿದ. 49 ಇದ್ದದ್ದು 59 ಆಯಿತು. ಅವನದು 58.

ಇದುವರೆಗಿನದು ಬರೇ ತಪ್ಪು, ಯಾರಿಂದಲೂ ಆಗುವಂಥದು. ಆಮೇಲಿನ ಎರಡು ಗಂಟೆ ಹಾಗಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು, ತಾಯಿ ಮಲಗಿದ್ದರು, ಹುಡುಗ ಪರದೆಯ ಮುಂದೆ ಕುಳಿತು ಅಂಕದ ಪದ್ಧತಿಯನ್ನೇ ಬದಲಾಯಿಸಿ ನೋಡತೊಡಗಿದ. ಅದಕ್ಕೆ ಬೇಕಾದಷ್ಟು ಪೂರ್ವ ನಿದರ್ಶನಗಳು ಫಾರ್ಮುಲಾ ಒನ್ ಚರಿತ್ರೆಯಲ್ಲೇ ಇದ್ದವು. ಹುಡುಗರು ಹಿಡಿದ 10-6-4-3-2-1 ಅಲ್ಲಿ 1991ರಿಂದ 2002ರವರೆಗೆ ಇದ್ದದ್ದು. ಅದಕ್ಕೆ ಮೊದಲು, 1961ರಿಂದ 1990ರವರೆಗೆ, ಗೆದ್ದವನಿಗೆ 9. ಹಾಗೆ ಹಾಕಿದರೆ ಇಬ್ಬರಿಗೂ 55, ಸಮ! 2002ರಲ್ಲಿ ಶೂಮಾಕರ್ ಜುಲೈ ತಿಂಗಳಲ್ಲೇ ಪ್ರಶಸ್ತಿ ಗೆದ್ದು ಕುಳಿತ. 2003ರಿಂದ 10-8-6-5-4-3-2-1 ಎಂದಾಯಿತು, ಎರಡನೆಯವನಿಗೆ ಆರರ ಬದಲು ಎಂಟು. ಫರಂಗಿಪೇಟೆಯ ಹುಡುಗ ಮೂರು ಸಲ ಮೊದಲು, ನಾಲ್ಕು ಸಲ ಎರಡನೆಯವನು, ಒಮ್ಮೆ ಮೂರನೆಯವನು. ಬೆಳ್ತಂಗಡಿಯವನು ನಾಲ್ಕು ಸಲ ಮೊದಲು, ಎರಡು ಸಲ ಎರಡನೆಯವನು, ಒಮ್ಮೆ ಮೂರು, ಒಮ್ಮೆ ನಾಲ್ಕು. ಆ ಪದ್ಧತಿ ಹಾಕಿದಾಗ ಪರದೆಯಲ್ಲಿ ಮೂಡಿದ್ದು 68 ಮತ್ತು 67. ಫರಂಗಿಪೇಟೆ ಮೇಲೆ! 2010ರಿಂದ ನಡೆದುಬಂದ 25-18-15-12 ಹಾಕಿದರೆ 162 ಮತ್ತು 163, ಮತ್ತೆ ಬೆಳ್ತಂಗಡಿ.

ಓಟ ಅವೇ ಎಂಟು, ತಿರುವುಗಳು ಅವೇ. ಒಂದು ಅಂಕಣದ ನಾಲ್ಕು ಸಂಖ್ಯೆ ತಿದ್ದಿದರೆ ಕಪ್ ಮನೆ ಬದಲಾಯಿಸುತ್ತದೆ. 1988ರಲ್ಲಿ ಅಲೆನ್ ಪ್ರಾಸ್ಟ್ ಗಳಿಸಿದ ಅಂಕ 105, ಏರ್ಟನ್ ಸೆನ್ನಾ 94. ಪ್ರಶಸ್ತಿ ಮಾತ್ರ ಸೆನ್ನಾನಿಗೆ. ಹದಿನಾರು ಓಟಗಳಲ್ಲಿ ಉತ್ತಮವಾದ ಹನ್ನೊಂದು ಮಾತ್ರ ಲೆಕ್ಕಕ್ಕೆ ಎಂಬ ನಿಯಮದಿಂದ ಅದು 90 ಮತ್ತು 87 ಆಗಿತ್ತು. 2008ರಲ್ಲಿ ಫೆಲಿಪೆ ಮಾಸ್ಸಾ ಆರು ಓಟ ಗೆದ್ದರೂ ಐದು ಗೆದ್ದ ಲೂಯಿಸ್ ಹ್ಯಾಮಿಲ್ಟನ್‌ಗೆ ಒಂದೇ ಅಂಕದಿಂದ ಸೋತ, 97 ಮತ್ತು 98. ಅನ್ಯಾಯವೆಂದು ಇಂದಿಗೂ ವಾದಿಸುವವರಿದ್ದಾರೆ. ಆದರೆ ಆ ಇಬ್ಬರೂ ಮೊದಲ ಓಟಕ್ಕೆ ಇಳಿಯುವಾಗಲೇ ನಿಯಮ ಕಾಗದದಲ್ಲಿತ್ತು. ಪ್ರಾಸ್ಟ್‌ಗೂ ಗೊತ್ತಿತ್ತು, ಮಾಸ್ಸಾನಿಗೂ ಗೊತ್ತಿತ್ತು. ಹುಡುಗ ಮಾಡಹೊರಟದ್ದು ಬೇರೆ. ಫಲಿತಾಂಶ ನೋಡಿ ನಿಯಮ ಹುಡುಕುವ ಕೆಲಸ ಅದು.

ಅದಕ್ಕಿಂತ ಸುಲಭದ ದಾರಿಯೂ ಇತ್ತು, ಸುಮ್ಮನಿರುವುದು. ಆ ಖಾಲಿ ಜಾಗ ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ರಾತ್ರಿ ಒಂದು ಗಂಟೆಗೆ ಅವನು ಗುಂಪಿಗೆ ಹೊಸ ಪಟ್ಟಿ ಹಾಕಿದ. ಕೆಳಗೆ ಎರಡೇ ಸಾಲು: ಐದನೆಯ ಓಟದ ಹತ್ತು ಅಂಕ ನನ್ನ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಕಪ್ ಬೆಳ್ತಂಗಡಿಗೆ.

ಬೆಳಿಗ್ಗೆ ಬೆಳ್ತಂಗಡಿಯವನ ಫೋನು ಬಂತು. ಸಂತೋಷಕ್ಕಿಂತ ಸಂಕೋಚವೇ ಹೆಚ್ಚಿದ್ದ ಸ್ವರ.

“ನನಗೆ ಆವತ್ತೇ ಗೊತ್ತಾಗಿತ್ತು ಮಾರಾಯ, ಹತ್ತು ಸೇರಿಲ್ಲ ಅಂತ. ಬೇರೆಯವರ ಕಂಪ್ಯೂಟರಿನಲ್ಲಿ ಆಡಿದ್ದಕ್ಕೆ ಅಂಕ ಕೊಟ್ಟಿಲ್ಲವೇನೋ ಅಂದುಕೊಂಡೆ.”

“ಕೇಳಬಹುದಿತ್ತಲ್ಲ?”

“ಕಂಪ್ಯೂಟರ್ ಲೆಕ್ಕ ಅಲ್ವಾ. ಎಂಥ ಅಂತ ಕೇಳುವುದು?”

ಹುಡುಗನಿಗೆ ಸೋತದ್ದಕ್ಕಿಂತ ಆ ಮಾತೇ ಹೆಚ್ಚು ತಾಗಿತು. ಮೂರು ವಾರ ಒಬ್ಬ ಗೆಳೆಯ ತನ್ನದೇ ತಪ್ಪೆಂದು ತಿಳಿದು ಬಾಯಿ ಮುಚ್ಚಿಕೊಂಡಿದ್ದ, ಸಾಲುಸಾಲಾಗಿ ಅಚ್ಚುಕಟ್ಟಾಗಿ ಬಂದ ಒಂದು ಪಟ್ಟಿಯನ್ನು ನಂಬಿ. ಆ ಪಟ್ಟಿ ತಯಾರಿಸಿದವನೂ ಅದನ್ನೇ ನಂಬಿದ್ದ. ಅಂದು ಮಧ್ಯಾಹ್ನವೇ ಅವನು ಹಾಳೆಯ ಕೆಳಗೆ ಒಂದು ಚೌಕ ಸೇರಿಸಿದ: ಓಟದ ಸಂಖ್ಯೆಯನ್ನು 26ರಿಂದ ಗುಣಿಸು, ಒಟ್ಟು ಅಂಕದ ಜತೆ ತಾಳೆ ನೋಡು, ಹೊಂದದಿದ್ದರೆ ಕೆಂಪಾಗು. ಹೆಸರಿನ ಬದಲು ಗುರುತಿನ ಸಂಖ್ಯೆಯೂ ಬಂತು. ಮಾವನಿಗೆ ತೋರಿಸಿದರೆ ಅವರು “ಇದು ಮೊದಲೇ ಬೇಕಿತ್ತು” ಎಂದಷ್ಟೇ ಹೇಳಿ ಚಾ ಕುಡಿದರು.

ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಬಸ್ಸು ಹತ್ತಿ ಬಿ.ಸಿ. ರೋಡಿಗೆ ಹೋದ. ಕಪ್ಪಿನ ಅಂಗಡಿಯವರು ಚೀಟಿ ಮುಂದಿಟ್ಟು, ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆದುಕೊಡಲು ಹೇಳಿದರು.

“ನಿನ್ನ ಹೆಸರಾ ಮಗಾ?”

“ಅಲ್ಲ, ಬೆಳ್ತಂಗಡಿಯವನದು” ಎಂದು ಅವನು ಒಂದೊಂದೇ ಅಕ್ಷರ ಬರೆದ. ಬರೆದಾದ ಮೇಲೆ ಕೊನೆಯ ಅಕ್ಷರದ ಮುಂದೆ ಬೆರಳಿಟ್ಟು ಎರಡು ಸಲ ಓದಿಕೊಂಡು ಚೀಟಿಯನ್ನು ಆಚೆ ತಳ್ಳಿದ.